ಲಕ್ಷದ ಫೋನಿಗೆ ಮೂರನೇ ವರ್ಷದ ಪರೀಕ್ಷೆ

2017ರ ಕೊನೆಯಲ್ಲಿ ಐಫೋನ್ ಟೆನ್ ಬಂದಾಗ ಅಮೆರಿಕದಲ್ಲಿ ಅದರ ಬೆಲೆ 999 ಡಾಲರ್ ಇತ್ತು. 2024ರಲ್ಲಿ ಬಂದ ಐಫೋನ್ 16 ಪ್ರೋಗೂ ಅಲ್ಲಿ 999 ಡಾಲರೇ. ಏಳು ವರ್ಷಗಳ ಹಣದುಬ್ಬರವನ್ನು ಕಳೆದು ನೋಡಿದರೆ ಅಲ್ಲಿನವರಿಗೆ ಫೋನು ಅಗ್ಗವಾಗಿದೆ ಎಂದೇ ಲೆಕ್ಕ. ನಮ್ಮಲ್ಲಿ ಮೊದಲನೆಯದನ್ನು 89,000 ರೂಪಾಯಿಗೆ ಮಾರಿದರು, ಎರಡನೆಯದನ್ನು 1,19,900ಕ್ಕೆ.

ಈ ಮೂವತ್ತು ಸಾವಿರದ ಏರಿಕೆಯಲ್ಲಿ ಯಾರ ಪಾಲು ಎಷ್ಟು ಎಂದು ಬಿಡಿಸಿ ನೋಡಬೇಕು. 2017ರಲ್ಲಿ ಡಾಲರಿಗೆ 65 ರೂಪಾಯಿಯ ಆಸುಪಾಸು ಇತ್ತು; 2024ರ ಹೊತ್ತಿಗೆ 84 ಆಗಿತ್ತು. ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್‌ನಲ್ಲಿ ಶೇಕಡಾ 12ರಿಂದ 18ಕ್ಕೆ ಏರಿತು. ಆಮದು ಸುಂಕ 2018ರ ಬಜೆಟ್‌ನಲ್ಲಿ ಶೇಕಡಾ 20ಕ್ಕೆ ಹೋಗಿ, 2024ರ ಜುಲೈನಲ್ಲಷ್ಟೇ 15ಕ್ಕೆ ಇಳಿಯಿತು. 999 ಡಾಲರನ್ನು ರೂಪಾಯಿಗೆ ತಂದು, ಮೇಲೆ ಜಿಎಸ್‌ಟಿ ಹಾಕಿದರೆ 99 ಸಾವಿರ ಆಗುತ್ತದೆ. ಇನ್ನುಳಿದ ಇಪ್ಪತ್ತು ಸಾವಿರದಲ್ಲಿ ಸುಂಕ, ಸಾಗಣೆ, ಅಂಗಡಿಯವರ ಕಮಿಷನ್, ಕಂಪನಿಯ ಲಾಭ ಎಲ್ಲವೂ ಅಡಗಿವೆ. ಹಾಗಾಗಿ ಏರಿದ್ದೆಲ್ಲ ಕಂಪನಿಯ ದುರಾಸೆ ಎನ್ನುವುದು ಅರ್ಧ ಸತ್ಯ. ನಮ್ಮ ರೂಪಾಯಿಯೂ ನಮ್ಮ ಸರ್ಕಾರವೂ ಅದರಲ್ಲಿ ಸೇರಿವೆ.

ಆಪಲ್ ಒಂದನ್ನೇ ಹಿಡಿದು ಮಾತಾಡಿದರೂ ಸರಿಯಾಗುವುದಿಲ್ಲ. ಕಡಿಮೆ ದುಡ್ಡಿಗೆ ದೊಡ್ಡ ಫೋನಿನ ಗುಣ ಕೊಡುತ್ತೇವೆ ಎಂದೇ ಹೆಸರು ಮಾಡಿದ ಒನ್‌ಪ್ಲಸ್ 2014ರಲ್ಲಿ ತನ್ನ ಮೊದಲ ಫೋನನ್ನು ಇಲ್ಲಿ 21,999 ರೂಪಾಯಿಗೆ ಮಾರಿತ್ತು. 2025ರ ಜನವರಿಯಲ್ಲಿ ಬಂದ ಒನ್‌ಪ್ಲಸ್ 13ರ ಆರಂಭದ ಬೆಲೆ 69,999. ಮೂರು ಪಟ್ಟಿಗಿಂತ ಹೆಚ್ಚು. ಈ ಏರಿಕೆಯನ್ನೆಲ್ಲ ಡಾಲರಿನ ಮೇಲೆ ಹೊರಿಸಲು ಬರುವುದಿಲ್ಲ. ಮಧ್ಯಮ ವರ್ಗದವರು ಕೈಚಾಚಿ ಮುಟ್ಟಬಹುದಾಗಿದ್ದ ಒಂದು ಇಡೀ ಮೆಟ್ಟಿಲನ್ನೇ ಕಂಪನಿಗಳು ಮೇಲಕ್ಕೆ ಎತ್ತಿಕೊಂಡು ಹೋದವು.

ಇಷ್ಟು ಕೊಟ್ಟು ತರುವ ಫೋನು ಆ ಬೆಲೆಗೆ ತಕ್ಕದ್ದೇ? ಹೊಸ ಫೋನಿನ ವಿಮರ್ಶೆಗಳೆಲ್ಲ ಮೊದಲ ವಾರದಲ್ಲೇ ಬರೆದು ಮುಗಿಯುತ್ತವೆ. ಮೊದಲ ವಾರದಲ್ಲಿ ಎಲ್ಲ ಫೋನುಗಳೂ ಚೆನ್ನಾಗಿಯೇ ಇರುತ್ತವೆ. ದುಬಾರಿ ಫೋನು ಕೊಟ್ಟ ದುಡ್ಡನ್ನು ತೀರಿಸಲು ಶುರುಮಾಡುವುದು ಮೂರನೇ ವರ್ಷದಲ್ಲಿ, ಅಗ್ಗದ ಫೋನು ಸುಸ್ತಾಗಿ ಮಲಗುವ ಹೊತ್ತಿಗೆ. ಆದರೆ ಗ್ರಾಹಕ ಆ ಮೂರನೇ ವರ್ಷಕ್ಕೆ ತಲುಪದ ಹಾಗೆಯೇ ಈ ಇಡೀ ವ್ಯಾಪಾರ ನಡೆಯುತ್ತಿದೆ. ನನ್ನ ತಕರಾರು ಇರುವುದು ಇಲ್ಲಿ.

ಮೊದಲು ಗುಣದ ಮಾತು. ಹತ್ತು ಸಾವಿರದ ಫೋನಿಗೂ ಇಪ್ಪತ್ತೈದು ಸಾವಿರದ ಫೋನಿಗೂ ಇರುವ ಅಂತರ ದೊಡ್ಡದು, ಅದಕ್ಕೆ ಕೊಡುವ ದುಡ್ಡು ದಂಡವಲ್ಲ. ತೀರಾ ಅಗ್ಗದ ಫೋನುಗಳಲ್ಲಿ ಈಗಲೂ ಹಳೆಯ ಇಎಂಎಂಸಿ ಬಗೆಯ ಸ್ಟೋರೇಜ್ ಇರುತ್ತದೆ. ಅದು ತುಂಬುತ್ತ ಬಂದಂತೆ ಫೋನು ತೆವಳತೊಡಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಹಿಂದೆ ನಾಲ್ಕು ಗಾಡಿ ನಿಂತಿರುವಾಗ ಯುಪಿಐ ಆ್ಯಪ್ ತೆರೆಯದೆ ಕಾಯಿಸುತ್ತದೆ. ಇಪ್ಪತ್ತೈದು ಸಾವಿರಕ್ಕೆ ವೇಗದ ಸ್ಟೋರೇಜ್, ಬಿಸಿಲಲ್ಲೂ ಓದಬಲ್ಲ ಅಮೋಲೆಡ್ ಪರದೆ, ದಿನವಿಡೀ ಬರುವ ಬ್ಯಾಟರಿ ಸಿಗುತ್ತವೆ. ಇಲ್ಲಿಂದ ಮೇಲೆ ಒಂದೊಂದು ಹತ್ತು ಸಾವಿರಕ್ಕೆ ಸಿಗುವ ಸುಖ ಕಡಿಮೆಯಾಗುತ್ತ ಹೋಗುತ್ತದೆ.

ಲಕ್ಷ ದಾಟಿದ ಮೇಲೆ ನಿಜವಾಗಿ ಉಳಿಯುವ ವ್ಯತ್ಯಾಸ ಕ್ಯಾಮೆರಾದ್ದು. ಅದೂ ಎಲ್ಲ ಕಡೆ ಕಾಣುವುದಿಲ್ಲ. ಹಗಲು ಬೆಳಕಿನಲ್ಲಿ ಮನೆಯಂಗಳದಲ್ಲಿ ತೆಗೆದ ಫೋಟೋವನ್ನು ವಾಟ್ಸ್ಆ್ಯಪಿಗೆ ಹಾಕಿದರೆ ಅದು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಆಚೆ ನೋಡುವವರಿಗೆ ಮೂವತ್ತು ಸಾವಿರದ ಫೋನೋ ಒಂದೂಮುಕ್ಕಾಲು ಲಕ್ಷದ ಫೋನೋ ತಿಳಿಯುವುದಿಲ್ಲ. ಆದರೆ ಕಲ್ಯಾಣಮಂಟಪದಲ್ಲಿ ಧಾರೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಕೂತು ಜೂಮ್ ಮಾಡಿ ನೋಡಿ. ಒಂದು ಕಡೆ ವಿಡಿಯೋದವರ ಕಣ್ಣುಕುಕ್ಕುವ ದೀಪ, ಇನ್ನೊಂದು ಕಡೆ ಹೋಮದ ಹೊಗೆ, ನಡುವೆ ಅಲುಗಾಡುವ ಕೈಗಳು. ಸಾಧಾರಣ ಫೋನು ಅಲ್ಲಿ ಮುಖಗಳನ್ನು ಮೇಣದಂತೆ ನುಣ್ಣಗೆ ತಿಕ್ಕಿಬಿಡುತ್ತದೆ, ರೇಷ್ಮೆ ಸೀರೆಯ ಅಂಚು ಕಲಸಿಹೋಗುತ್ತದೆ. ದೊಡ್ಡ ಸೆನ್ಸರ್ ಮತ್ತು ನಿಜವಾದ ಟೆಲಿಫೋಟೋ ಲೆನ್ಸ್ ಇರುವ ಫೋನು ಆ ಅಂಚನ್ನು ಉಳಿಸಿಕೊಡುತ್ತದೆ. ವಿಡಿಯೋದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ರೀಲ್ಸ್ ಮಾಡಿ ಸಂಪಾದಿಸುವವರಿಗೆ, ಸಣ್ಣ ಊರುಗಳಲ್ಲಿ ಫೋನಿನಲ್ಲೇ ಸುದ್ದಿ ಚಿತ್ರೀಕರಿಸುವ ವರದಿಗಾರರಿಗೆ ಇದು ದುಡಿಮೆಯ ಸಾಧನ. ಅವರ ವಿಷಯದಲ್ಲಿ ನನಗೆ ತಕರಾರಿಲ್ಲ.

ಕನ್ನಡಿಗರಾಗಿ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಐಫೋನ್ ಹುಟ್ಟಿದ್ದು 2007ರಲ್ಲಿ. ಆಪಲ್ ತನ್ನದೇ ಆದ ಕನ್ನಡ ಕೀಲಿಮಣೆಯನ್ನು ಅದಕ್ಕೆ ಕೊಟ್ಟದ್ದು ಹತ್ತು ವರ್ಷದ ಮೇಲೆ, 2017ರಲ್ಲಿ, ಐಒಎಸ್ 11ರ ಜೊತೆಗೆ. ಈಗ ದುಬಾರಿ ಫೋನುಗಳ ಜಾಹೀರಾತೆಲ್ಲ ಕೃತಕ ಬುದ್ಧಿಮತ್ತೆಯ ಸುತ್ತ ತಿರುಗುತ್ತಿದೆ. 2025ರಲ್ಲೂ ಆಪಲ್ ಇಂಟೆಲಿಜೆನ್ಸ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅದೇ ಹೊತ್ತಿಗೆ ಗೂಗಲ್‌ನ ಜೆಮಿನಿ ಲೈವ್ ಸಾಧಾರಣ ಆ್ಯಂಡ್ರಾಯ್ಡ್ ಫೋನಿನಲ್ಲೂ ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಉತ್ತರ ಕೊಡುತ್ತಿತ್ತು. ಯಾವ ಸೌಲಭ್ಯದ ಹೆಸರಿನಲ್ಲಿ ಬೆಲೆ ಏರಿಸಿದ್ದಾರೋ ಆ ಸೌಲಭ್ಯ ನಮ್ಮ ಭಾಷೆಯಲ್ಲಿ ಇಲ್ಲದಿದ್ದರೆ, ಇಲ್ಲಿನ ಗ್ರಾಹಕ ಬೇರೆಯವರ ಅನುಕೂಲಕ್ಕೆ ದುಡ್ಡು ಕಟ್ಟಿದಂತಾಯಿತು. ಇದನ್ನು ನಮ್ಮ ವಿಮರ್ಶಕರು ಹೇಳಲೇಬೇಕಾದ ಜಾಗದಲ್ಲೂ ಹೇಳುವುದಿಲ್ಲ.

ಇನ್ನು ಮೂರನೇ ವರ್ಷ. ಲಿಥಿಯಂ ಬ್ಯಾಟರಿ ಸವೆಯುವ ವಸ್ತು. ಐಫೋನ್ 14ರವರೆಗೆ ಪೂರ್ತಿ 500 ಸಲ ಚಾರ್ಜ್ ಆದ ಮೇಲೂ ಶೇಕಡಾ 80ರಷ್ಟು ಸಾಮರ್ಥ್ಯ ಉಳಿಯಬೇಕು ಎಂಬುದು ಆಪಲ್‌ನ ಮಾನದಂಡವಾಗಿತ್ತು. 15ರಿಂದ ಅದು 1000 ಸಲ. ದಿನಕ್ಕೊಮ್ಮೆ ಎಂದು ಹಿಡಿದರೆ ಸುಮಾರು ಎರಡೂಮುಕ್ಕಾಲು ವರ್ಷ. ಇದು ಹಿತವಾದ ಹವೆಯ ಲೆಕ್ಕ. ಆಪಲ್ ತನ್ನ ಫೋನಿಗೆ ಹೇಳಿರುವ ಉಷ್ಣಾಂಶದ ಮಿತಿ 35 ಡಿಗ್ರಿ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ, ಚಾರ್ಜಿಗೂ ಹಾಕಿ, ಮ್ಯಾಪ್ ನೋಡುತ್ತ ಡೆಲಿವರಿ ಕೊಡುವ ಹುಡುಗನ ಫೋನಿನ ಬ್ಯಾಟರಿ ಕಂಪನಿಯ ಪ್ರಯೋಗಾಲಯದ ಲೆಕ್ಕದಂತೆ ಬಾಳುವುದಿಲ್ಲ.

ಬ್ಯಾಟರಿ ಸವೆದರೆ ಬದಲಾಯಿಸಿದರಾಯಿತು. ಫೋನಿನ ಮಿಕ್ಕ ಭಾಗಕ್ಕೆ ಏನೂ ಆಗಿರುವುದಿಲ್ಲ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಮೇಜಿನ ಮುಂದೆ ನಿಂತು ನೋಡಿದರೆ ಅದು ಎಷ್ಟು ತ್ರಾಸಿನ ಕೆಲಸ ಎಂದು ಗೊತ್ತಾಗುತ್ತದೆ. ಫೋನನ್ನು ಮೊದಲು ಕಾಯಿಸಬೇಕು. ಅಂಟು ಮೆತ್ತಗಾದ ಮೇಲೆ ಪರದೆಗೆ ರಬ್ಬರ್ ಬಟ್ಟಲು ಒತ್ತಿ ಎಳೆದು, ಕೂದಲೆಳೆಯಷ್ಟು ಸಂದಿಯಾದ ಕೂಡಲೇ ತೆಳು ಪ್ಲಾಸ್ಟಿಕ್ ಬಿಲ್ಲೆ ತೂರಿಸಿ ಸುತ್ತಲೂ ಸರಿಸುತ್ತ ಬರಬೇಕು. ಕೈ ತುಸು ಆಳಕ್ಕೆ ಹೋದರೆ ಒಳಗಿನ ಪಟ್ಟಿತಂತಿ ಹರಿದು ಪರದೆಯೇ ಹೋಯಿತು. ಬ್ಯಾಟರಿಯ ಕೆಳಗೆ ಎಳೆದರೆ ಹಿಗ್ಗುತ್ತ ಬರುವ ಅಂಟುಪಟ್ಟಿಗಳಿರುತ್ತವೆ. ಅರ್ಧದಲ್ಲಿ ತುಂಡಾದರೆ ಬ್ಯಾಟರಿಯನ್ನು ಮೀಟಿಯೇ ಎಬ್ಬಿಸಬೇಕು, ಚುಚ್ಚಿದರೆ ಹೊಗೆ. ಇಷ್ಟೆಲ್ಲ ಜಾಣತನದಿಂದ ಮಾಡಿ ಮುಗಿಸಿದ ಮೇಲೆ, ಈ ಬಿಡಿಭಾಗದ ಗುರುತು ಸಿಗುತ್ತಿಲ್ಲ ಎಂದು ಫೋನೇ ಪರದೆಯ ಮೇಲೆ ಎಚ್ಚರಿಕೆ ತೋರಿಸುತ್ತದೆ. 2021ರಲ್ಲಿ ಐಫೋನ್ 13ರ ಪರದೆಯನ್ನು ಹೊರಗಿನವರು ಬದಲಾಯಿಸಿದರೆ ಫೇಸ್ ಐಡಿಯೇ ನಿಂತುಹೋಗುತ್ತಿತ್ತು; ಗಲಾಟೆಯಾದ ಮೇಲೆ ಆಪಲ್ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ಅದನ್ನು ಸರಿಪಡಿಸಿತು. ಒಂದು ಅಪ್‌ಡೇಟ್‌ನಿಂದ ಸರಿಹೋಗುವಂಥ ಅಡ್ಡಿ ತಂತ್ರಜ್ಞಾನದ ಅನಿವಾರ್ಯತೆ ಹೇಗಾದೀತು?

ಮನಸ್ಸು ಮಾಡಿದರೆ ಇದೇ ಕಂಪನಿಗಳಿಗೆ ಒಳ್ಳೆಯದೂ ಬರುತ್ತದೆ. ಐಫೋನ್ 16ರ ಬ್ಯಾಟರಿಯ ಅಂಟಿಗೆ ಸಣ್ಣ ವಿದ್ಯುತ್ ಹರಿಸಿದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ. ಮೀಟುವ, ಚುಚ್ಚುವ ಭಯವಿಲ್ಲ. ಅಮೋಲೆಡ್ ಪರದೆಯ ಮೇಲೆ ಹಸಿರು ಗೆರೆ ಬೀಳುವ ಪೀಡೆಗೆ ಒನ್‌ಪ್ಲಸ್ 2024ರ ಕೊನೆಯಲ್ಲಿ ಭಾರತದಲ್ಲಿ ಜೀವಿತಾವಧಿ ವಾರಂಟಿ ಘೋಷಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದು ಸಾಫ್ಟ್‌ವೇರ್. 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್, ಕೆಲವೇ ತಿಂಗಳಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷಗಳ ಅಪ್‌ಡೇಟ್ ಕೊಡುವ ಮಾತು ಕೊಟ್ಟವು. 2018ರ ಐಫೋನ್ ಟೆನ್ ಎಸ್‌ಗೆ ಹೊಸ ಐಒಎಸ್ ನಿಂತದ್ದು 2025ರಲ್ಲಿ. ಅಗ್ಗದ ಫೋನುಗಳಲ್ಲಿ ಬಹಳಷ್ಟು ಸಾಯುವುದು ಒಳಗಿನ ಯಂತ್ರ ಕೆಟ್ಟು ಅಲ್ಲ, ಅಪ್‌ಡೇಟ್ ನಿಂತು ಬ್ಯಾಂಕಿನ ಆ್ಯಪ್ ಬೇಡವೆಂದಾಗ. ದುಬಾರಿ ಫೋನಿನಲ್ಲಿ ಬೆಲೆ ಕೊಡಲು ಯೋಗ್ಯವಾದ ಗುಣ ಒಂದನ್ನೇ ಹೇಳು ಎಂದರೆ ನಾನು ಈ ಏಳು ವರ್ಷವನ್ನೇ ಹೇಳುತ್ತೇನೆ.

ಆದರೆ ಅಂಗಡಿಯಲ್ಲಿ ಯಾರೂ ಆ ಏಳು ವರ್ಷವನ್ನು ಮಾರುವುದಿಲ್ಲ. ಅಲ್ಲಿ ಮಾರಾಟವಾಗುವುದು ತಿಂಗಳ ಕಂತು. 2025ರ ಐಫೋನ್ 17 ಪ್ರೋ 1,34,900 ರೂಪಾಯಿ. 24 ತಿಂಗಳ ಕಂತಿನಲ್ಲಿ 5,621. ಇಷ್ಟೇ ತಾನೇ ಅನ್ನಿಸುವ ಹಾಗೆ ಆ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಬಡ್ಡಿ ಇಲ್ಲ ಎನ್ನುವ ಯೋಜನೆಗಳಲ್ಲಿ ಬಡ್ಡಿ ಬೇರೆ ವೇಷದಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿ, ಶೂನ್ಯ ಬಡ್ಡಿಯ ಕಂತಿಗೆ ತಡೆ ಹಾಕಿತ್ತು. ಈಗಿನ ನೋ ಕಾಸ್ಟ್ ಇಎಂಐನಲ್ಲಿ ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಎಂದು ಮೊದಲೇ ಕಳೆಯುತ್ತಾರೆ. ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಆ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿ ಮತ್ತು ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಗ್ರಾಹಕನ ತಲೆಗೇ ಬರುತ್ತವೆ. ಕಂತು ತೀರುವ ತಿಂಗಳಿಗೆ ಸರಿಯಾಗಿ ಎಕ್ಸ್‌ಚೇಂಜ್ ಆಫರ್‌ನ ಸಂದೇಶ ಬರುತ್ತದೆ. ಹಳೆಯದನ್ನು ಕೊಟ್ಟು ಹೊಸದಕ್ಕೆ ಮತ್ತೆ 24 ತಿಂಗಳು. ಮೂರನೇ ವರ್ಷ ಬರುವುದೇ ಇಲ್ಲ.

ವರ್ಷದ ಲೆಕ್ಕ ಹಾಕಿದರೆ ಹಾನಿ ಎಲ್ಲಿ ಎಂದು ಕಾಣುತ್ತದೆ. 1,34,900ರ ಫೋನನ್ನು ಎರಡು ವರ್ಷಕ್ಕೆ ಅರ್ಧ ಬೆಲೆಗೆ ಕೊಟ್ಟರೆ ವರ್ಷಕ್ಕೆ 33,700 ಕೈಬಿಟ್ಟಂತೆ. ಅದನ್ನೇ ಆರು ವರ್ಷ ಇಟ್ಟುಕೊಂಡರೆ, ನಡುವೆ ಹಾಕಿಸುವ ಒಂದು ಬ್ಯಾಟರಿ ಬಿಟ್ಟು, ವರ್ಷಕ್ಕೆ 22,500. ಇಪ್ಪತ್ತೈದು ಸಾವಿರದ ಫೋನನ್ನು ಮೂರು ವರ್ಷ ಬಳಸಿದರೆ ವರ್ಷಕ್ಕೆ 8,300ರಷ್ಟು. ಅಂದರೆ ಪ್ರೋ ಮಾದರಿ ಏಳು ವರ್ಷ ಬಾಳಿದರೂ ಈ ಅಂತರ ಮುಚ್ಚುವುದಿಲ್ಲ. ಆದರೆ ಅದರ ಜೊತೆಗೇ ಬಂದ ಸಾದಾ ಐಫೋನ್ 17, 256 ಜಿಬಿಯೊಂದಿಗೆ, 82,900 ರೂಪಾಯಿ. ಏಳು ವರ್ಷ ಇಟ್ಟುಕೊಂಡರೆ ವರ್ಷಕ್ಕೆ 12 ಸಾವಿರಕ್ಕೂ ಕಡಿಮೆ. ಹಿಂದಿನ ವರ್ಷದ ಐಫೋನ್ 16ಕ್ಕೆ ಇಷ್ಟೇ ಸ್ಟೋರೇಜ್ ಬೇಕೆಂದರೆ 89,900 ಕೊಡಬೇಕಿತ್ತು. ದುಬಾರಿಯ ಹಣೆಪಟ್ಟಿ ಹೊತ್ತವೆಲ್ಲ ಒಂದೇ ಅಲ್ಲ. ಸಾದಾ ಮಾದರಿಗೆ ಅದರ ಬೆಲೆ ಸಲ್ಲುತ್ತದೆ, ಪೂರ್ತಿ ಆಯುಸ್ಸು ಬಳಸುವವರಿಗೆ. ಪ್ರೋ ಮಾದರಿ ಕ್ಯಾಮೆರಾದಿಂದ ಅನ್ನ ದುಡಿಯುವವರಿಗೆ ಮಾತ್ರ. 2025ರಲ್ಲಿ 1,74,999 ರೂಪಾಯಿಗೆ ಬಂದ ಗ್ಯಾಲಕ್ಸಿ ಝಡ್ ಫೋಲ್ಡ್ 7ರಂಥ ಮಡಚುವ ಫೋನುಗಳನ್ನು, ಪರದೆ ನಡುವೆಯೇ ದಿನಾ ಮಡಚಿಕೊಳ್ಳುವುದರಿಂದ, ಆರೇಳು ವರ್ಷದ ಲೆಕ್ಕಕ್ಕೆ ತರಲು ನನಗೆ ಧೈರ್ಯವಿಲ್ಲ.

2025ರ ಕೊನೆಯಿಂದ ಇನ್ನೊಂದು ಒತ್ತಡ ಸೇರಿಕೊಂಡಿದೆ. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಅವು ಉತ್ಪಾದನೆಯನ್ನು ತಿರುಗಿಸಿಕೊಂಡದ್ದರಿಂದ ಮೆಮೊರಿಯ ಬೆಲೆ ಜಿಗಿಯಿತು. ಮೈಕ್ರಾನ್ ಅಂತೂ ಡಿಸೆಂಬರಿನಲ್ಲಿ, ಸಾಮಾನ್ಯ ಗ್ರಾಹಕರಿಗಿದ್ದ ತನ್ನ ಕ್ರೂಶಿಯಲ್ ವಹಿವಾಟನ್ನೇ ಮುಚ್ಚುವುದಾಗಿ ಹೇಳಿತು. ಇದರ ಪೆಟ್ಟು ಹೆಚ್ಚು ಬೀಳುವುದು ಅಗ್ಗದ ಫೋನಿಗೆ, ಅದರ ವೆಚ್ಚದಲ್ಲಿ ಮೆಮೊರಿಯ ಪಾಲು ದೊಡ್ಡದಾದ್ದರಿಂದ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ಜೋಡಣೆಯಾಗುತ್ತಿದ್ದರೂ ಇಲ್ಲಿ ಬೆಲೆ ಇಳಿಯದಿರುವುದಕ್ಕೂ ಮುಖ್ಯ ಕಾರಣ ಬಿಡಿಭಾಗಗಳೇ: ಚಿಪ್, ಪರದೆ, ಮೆಮೊರಿಗಳ ಮುಂದೆ ಜೋಡಣೆಯ ಕೂಲಿ ಪುಡಿಕಾಸು.

ಬೆಲೆ ಇನ್ನೂ ಏರಲಿದೆ ಎಂದಾದರೆ ಬಾಳಿಕೆಯ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕಾದರೂ ನಮಗಿರಬೇಕು. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುವ ಫೋನಿನ ಜೊತೆ ರಿಪೇರಿ ಎಷ್ಟು ಸುಲಭ, ಬ್ಯಾಟರಿ ಎಷ್ಟು ಚಾರ್ಜ್ ತಾಳುತ್ತದೆ ಎಂದು ಹೇಳುವ ಚೀಟಿ ಕಡ್ಡಾಯ. ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಒದಗಿಸಬೇಕು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ. ರಿಪೇರಿ ಸೂಚ್ಯಂಕ ಹೇಗಿರಬೇಕು ಎಂದು ನೋಡಲು ಅದು ರಚಿಸಿದ ಸಮಿತಿ 2025ರಲ್ಲಿ ವರದಿಯನ್ನೂ ಕೊಟ್ಟಿದೆ. ಆ ಸೂಚ್ಯಂಕ ಪೆಟ್ಟಿಗೆಯ ಮೇಲೆ, ಬೆಲೆಯ ಪಕ್ಕದಲ್ಲೇ, ಕಡ್ಡಾಯವಾಗಿ ಅಚ್ಚಾಗಬೇಕು. ಅದರ ಕೆಳಗೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿಗೆ ಎಷ್ಟು, ಪರದೆಗೆ ಎಷ್ಟು, ಅಪ್‌ಡೇಟ್ ಯಾವ ವರ್ಷದವರೆಗೆ ಎಂಬ ಮೂರು ಸಾಲು ಇದ್ದರೆ, ಅಂಗಡಿಯಲ್ಲಿ ನಿಂತ ಗ್ರಾಹಕ ಕಂತಿನ ಬೋರ್ಡನ್ನು ಬಿಟ್ಟು ಅದನ್ನು ಓದಿಯೇ ತೀರ್ಮಾನಿಸಬಹುದು.