ಓವರ್‌ಕ್ಲಾಕಿಂಗ್ ಮದರ್‌ಬೋರ್ಡ್: ಪೆಟ್ಟಿಗೆಯ ಮೇಲಿನ ಅಂಕಿಗಳು ಏನು ಹೇಳುತ್ತವೆ?

ಬಿಡಿಭಾಗಗಳನ್ನು ತಂದು ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ನೀವೂ ಅವರಲ್ಲಿ ಒಬ್ಬರಾಗಿದ್ದರೆ ಮದರ್‌ಬೋರ್ಡಿನ ಪೆಟ್ಟಿಗೆಯೊಂದನ್ನು ಕೈಗೆತ್ತಿಕೊಂಡು ಓದಿ. '12+2 ಫೇಸ್', '60 ಆಂಪೇರ್', 'ಓವರ್‌ಕ್ಲಾಕಿಂಗಿಗೆ ಸಿದ್ಧ' ಎಂಬಂಥ ಮಾತುಗಳು ದಪ್ಪಕ್ಷರಗಳಲ್ಲಿ ಕಾಣುತ್ತವೆ. ತೀರಾ ಅಗ್ಗದ ಬೋರ್ಡು ಸಾಲದು, ದುಬಾರಿಯದು ಕೈಗೆಟುಕದು ಎನ್ನುವವರು ಇವನ್ನು ನೋಡಿಯೇ ಮಧ್ಯಮ ಬೆಲೆಯ ಬೋರ್ಡನ್ನು ಆರಿಸುತ್ತಾರೆ. ಈ ಅಂಕಿಗಳು ಸುಳ್ಳಲ್ಲ. ಆದರೆ ಕೊಳ್ಳುವವರು ಕೇಳಬೇಕಾದ ಪ್ರಶ್ನೆಗೆ ಅವು ಉತ್ತರವೂ ಅಲ್ಲ. ಏಕೆ ಎಂಬುದನ್ನು ಪಿ.ಯು. ತರಗತಿಯ ಭೌತಶಾಸ್ತ್ರದಿಂದಲೇ ನೋಡೋಣ.

ಅಂದು ಮತ್ತು ಇಂದು

ಪ್ರೊಸೆಸರಿನ ಒಳಗಿನ ಕೆಲಸವೆಲ್ಲ ಒಂದು ಗಡಿಯಾರದ ಮಿಡಿತಕ್ಕೆ ಅನುಸಾರವಾಗಿ ನಡೆಯುತ್ತದೆ. ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ಆವೃತ್ತಿಯಲ್ಲಿ ಅದನ್ನು ಓಡಿಸುವುದೇ ಓವರ್‌ಕ್ಲಾಕಿಂಗ್. ಈ ಆವೃತ್ತಿ ಎರಡು ಸಂಖ್ಯೆಗಳ ಗುಣಲಬ್ಧ: ಒಂದು ಮೂಲ ಆವೃತ್ತಿ, ಇನ್ನೊಂದು ಗುಣಕ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರಿನಲ್ಲಿ ಮೂಲ ಆವೃತ್ತಿ 66 ಮೆಗಾಹರ್ಟ್ಸ್, ಗುಣಕ 4.5, ಒಟ್ಟು 300 ಮೆಗಾಹರ್ಟ್ಸ್. ಗುಣಕಕ್ಕೆ ಬೀಗ ಹಾಕಲಾಗಿತ್ತು. ಆದರೆ ಮೂಲ ಆವೃತ್ತಿಯನ್ನು 100ಕ್ಕೆ ಏರಿಸಿದರೆ 450 ಮೆಗಾಹರ್ಟ್ಸ್ ದೊರೆಯುತ್ತಿತ್ತು. ಅದೇ ಕಾಲದ ಏಬಿಟ್ ಬಿಎಚ್6 ಬೋರ್ಡಿನಲ್ಲಿ ಜಂಪರ್ ಮುಟ್ಟದೆ, ಬಯಾಸ್ ಪರದೆಯಲ್ಲೇ ಈ ಬದಲಾವಣೆ ಮಾಡಬಹುದಿತ್ತು. ಅದರ 440ಬಿಎಕ್ಸ್ ಚಿಪ್‌ಸೆಟ್ಟು 100 ಮೆಗಾಹರ್ಟ್ಸಿಗೆಂದೇ ರೂಪುಗೊಂಡಿದ್ದರಿಂದ ಬೋರ್ಡಿಗೆ ಆಯಾಸವೂ ಇರಲಿಲ್ಲ. ಒಂದೂವರೆ ಪಟ್ಟು ಆವೃತ್ತಿ, ಅದೂ ಪುಕ್ಕಟೆ! ಓವರ್‌ಕ್ಲಾಕಿಂಗಿಗೆ ಹೆಸರು ಬಂದದ್ದು ಇಂಥ ಚಿಪ್‌ಗಳಿಂದ.

2011ರ ಸ್ಯಾಂಡಿ ಬ್ರಿಜ್ ಪೀಳಿಗೆಯಲ್ಲಿ ಇಂಟೆಲ್ ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಮೂಲ ಆವೃತ್ತಿ 100 ಮೆಗಾಹರ್ಟ್ಸಿಗೆ ನಿಂತಿತು. ಪಿಸಿಐ ಎಕ್ಸ್‌ಪ್ರೆಸ್, ಸಾಟಾ ಮುಂತಾದವೂ ಅದಕ್ಕೇ ಕಟ್ಟುಬಿದ್ದಿದ್ದರಿಂದ ಅದನ್ನು ಶೇಕಡಾ ಕೆಲವಂಶಕ್ಕಿಂತ ಹೆಚ್ಚು ಕದಲಿಸುವಂತಿರಲಿಲ್ಲ. ಗುಣಕವನ್ನು ಏರಿಸುವ ಸ್ವಾತಂತ್ರ್ಯ 'ಕೆ' ಅಕ್ಷರದ ಪ್ರೊಸೆಸರುಗಳಿಗೆ ಮಾತ್ರ, ಅದೂ ಆಯ್ದ ಚಿಪ್‌ಸೆಟ್ಟುಗಳಲ್ಲಿ. ಇಂದಿಗೂ ಇಂಟೆಲ್‌ನಲ್ಲಿ ಇದಕ್ಕೆ 'ಝಡ್' ಸರಣಿಯ ಬೋರ್ಡು ಬೇಕು; ಅಗ್ಗದ 'ಬಿ' ಸರಣಿ ಒಲ್ಲದು. ಎಎಂಡಿ 2017ರ ರೈಜೆನ್‌ನೊಂದಿಗೆ ಬಿ350 ಚಿಪ್‌ಸೆಟ್ಟಿಗೂ ಈ ಅವಕಾಶ ಕೊಟ್ಟಿತು; ಬಿ450, ಬಿ550, ಬಿ650ಗಳಲ್ಲೂ ಅದು ಮುಂದುವರಿಯಿತು. ಆದರೆ ಎ320, ಎ620 ಚಿಪ್‌ಸೆಟ್ಟುಗಳಲ್ಲಿ ಇಲ್ಲ. ಅಂದರೆ ಬೋರ್ಡಿಗೆ ತೆರುವ ಹೆಚ್ಚಿನ ಹಣದಲ್ಲಿ ಒಂದು ಪಾಲು ಹೋಗುವುದು ತಾಮ್ರಕ್ಕೂ ಅಲ್ಲ, ಸಿಲಿಕಾನಿಗೂ ಅಲ್ಲ, ಬರಿಯ ಅನುಮತಿಗೆ. ನನ್ನ ಮೊದಲ ಆಕ್ಷೇಪ ಇದು.

ಅನುಮತಿ ಪಡೆದು ಗಳಿಸುವುದಾದರೂ ಎಷ್ಟು? ಇಂದಿನ ಪ್ರೊಸೆಸರು ತನ್ನ ತಾಪ, ಪ್ರವಾಹ, ವೋಲ್ಟೇಜುಗಳನ್ನು ಅಳೆದುಕೊಳ್ಳುತ್ತ, ಅವಕಾಶವಿದ್ದಷ್ಟು ಆವೃತ್ತಿಯನ್ನು ತಾನೇ ಏರಿಸಿಕೊಳ್ಳುತ್ತದೆ. ಸೆಲೆರಾನ್ ಬಿಟ್ಟುಕೊಟ್ಟಿದ್ದ ಉಳಿಕೆಯ ಬಹುಪಾಲನ್ನು ತಯಾರಕರೇ ಈಗ ಬಳಸಿ ಮುಗಿಸಿರುತ್ತಾರೆ.

ಶೇಕಡಾ 11ರ ಬೆಲೆ

ಪ್ರೊಸೆಸರು ಕೆಲಸ ಮಾಡುವಾಗ ವ್ಯಯವಾಗುವ ವಿದ್ಯುತ್ ಸಾಮರ್ಥ್ಯದ ಮುಖ್ಯ ಭಾಗ ಆವೃತ್ತಿಗೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. 1.2 ವೋಲ್ಟಿನಲ್ಲಿ 4.5 ಗಿಗಾಹರ್ಟ್ಸ್ ಓಡುತ್ತ 100 ವಾಟ್ ಬಳಸುವ ಪ್ರೊಸೆಸರೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದನ್ನು 5 ಗಿಗಾಹರ್ಟ್ಸಿಗೆ ಏರಿಸಲು 1.35 ವೋಲ್ಟ್ ಬೇಕಾಯಿತು ಎನ್ನೋಣ. ಆವೃತ್ತಿ ಹೆಚ್ಚಿದ್ದು ಶೇಕಡಾ 11. ವೋಲ್ಟೇಜ್ 1.125 ಪಟ್ಟಾಯಿತು, ಅದರ ವರ್ಗ ಸುಮಾರು 1.27. ಇದನ್ನು 1.11ರಿಂದ ಗುಣಿಸಿದರೆ 1.41. ವೇಗ ಶೇಕಡಾ 11 ಏರಿದರೆ ಶಾಖ ಶೇಕಡಾ 41 ಏರಿತು!

ಈಗ ಪ್ರವಾಹವನ್ನು ಲೆಕ್ಕ ಹಾಕಿ. ಮೊದಲು ಸುಮಾರು 83 ಆಂಪೇರ್, ಅನಂತರ 104. ಮನೆಯ 230 ವೋಲ್ಟಿನಲ್ಲಿ 120 ವಾಟ್ ಬಳಸುವ ಸಾಧನ ಅರ್ಧ ಆಂಪೇರನ್ನಷ್ಟೇ ಎಳೆಯುತ್ತದೆ. ಅಷ್ಟೇ ಸಾಮರ್ಥ್ಯವನ್ನು 1.2 ವೋಲ್ಟಿನಲ್ಲಿ ಒದಗಿಸಲು 100 ಆಂಪೇರ್ ಹರಿಯಬೇಕು. ಓವರ್‌ಕ್ಲಾಕಿಂಗಿನಲ್ಲಿ ಮದರ್‌ಬೋರ್ಡಿನ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ವಿದ್ಯುತ್ ಪೂರೈಕೆ ಪೆಟ್ಟಿಗೆ ಕೊಡುವ 12 ವೋಲ್ಟನ್ನು ಇಳಿಸಿ, ಇಷ್ಟು ಪ್ರವಾಹವನ್ನು ಅಲುಗದಂತೆ ಪ್ರೊಸೆಸರಿಗೆ ತಲುಪಿಸುವುದು ಬೋರ್ಡಿನ ವೋಲ್ಟೇಜ್ ನಿಯಂತ್ರಕದ ಕೆಲಸ. ಪ್ರವಾಹ 1.25 ಪಟ್ಟಾದಾಗ ಅದರ ಹಾದಿಯ ರೋಧದಲ್ಲಿ ಹುಟ್ಟುವ ಶಾಖ 1.56 ಪಟ್ಟಾಗುತ್ತದೆ. ಇದು ನಿಮಗೆ ಪರಿಚಿತವಾದ ಜೂಲ್ ನಿಯಮವೇ.

ಫೇಸ್‌ಗಳ ಗಣಿತ

ನಿಯಂತ್ರಕದ ಒಂದು ಫೇಸ್ ಎಂದರೆ ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚುವ ಒಂದು ಜೊತೆ ಟ್ರಾನ್ಸಿಸ್ಟರ್ ಸ್ವಿಚ್ಚುಗಳು ಮತ್ತು ಒಂದು ಸುರುಳಿ. ಹಲವು ಫೇಸ್‌ಗಳಿದ್ದರೆ ಎರಡು ಲಾಭಗಳಿವೆ. ಪ್ರವಾಹ ಹಂಚಿಹೋಗಿ ಶಾಖ ಕಡಿಮೆಯಾಗುತ್ತದೆ. ಸ್ವಿಚ್ಚುಗಳು ಸರದಿಯಂತೆ ಕೆಲಸ ಮಾಡುವುದರಿಂದ ವೋಲ್ಟೇಜಿನ ಏರಿಳಿತವೂ ತಗ್ಗುತ್ತದೆ. ಆದರೆ ಕೆಲವು ಬೋರ್ಡುಗಳಲ್ಲಿ ಎರಡೆರಡು ಘಟಕಗಳು ಒಂದೇ ಸಂಕೇತಕ್ಕೆ ಏಕಕಾಲದಲ್ಲಿ ಸ್ಪಂದಿಸುತ್ತವೆ. ಅಂಥಲ್ಲಿ ಪೆಟ್ಟಿಗೆಯ ಮೇಲಿನ 12, ಸರದಿಯ ಲೆಕ್ಕದಲ್ಲಿ 6 ಮಾತ್ರ. ಶಾಖ ಹಂಚುವ ಲಾಭ ಉಂಟು, ಏರಿಳಿತ ತಗ್ಗಿಸುವ ಲಾಭ ಪೂರ್ತಿ ಇಲ್ಲ. ಇದು ಮೋಸವಲ್ಲ, ಅರ್ಧ ಸತ್ಯ. ಬೆಳ್ಳಗಿರುವುದೆಲ್ಲ ಹಾಲಲ್ಲ.

'60 ಆಂಪೇರ್' ಎಂಬುದನ್ನೂ ಪರೀಕ್ಷಿಸಿ. ಹನ್ನೆರಡರಿಂದ ಗುಣಿಸಿದರೆ 720 ಆಂಪೇರ್, 1.2 ವೋಲ್ಟಿನಲ್ಲಿ 864 ವಾಟ್. ಮಧ್ಯಮ ದರ್ಜೆಯ ರೈಜೆನ್ 5 7600 ಪ್ರೊಸೆಸರಿಗೆ ಎಎಂಡಿ ನಿಗದಿಪಡಿಸಿದ ಗರಿಷ್ಠ ಪೂರೈಕೆ 88 ವಾಟ್! ಇಷ್ಟಕ್ಕೂ ಆ 60 ಆಂಪೇರ್, ಘಟಕ ತಂಪಾಗಿರುವಾಗಿನ ಮಿತಿ. ಬೋರ್ಡಿನ ಮೇಲೆ ಬಿಸಿಯಾದಾಗ ಅದು ಅಷ್ಟನ್ನು ಹೊರಲಾರದು.

ಇನ್ನೊಂದು ಗುಣದ ಬಗ್ಗೆ ಪೆಟ್ಟಿಗೆ ಮೌನವಾಗಿರುತ್ತದೆ. ಹೊರೆ ಬಿದ್ದಾಗ ವಿದ್ಯುತ್ಕೋಶದ ವೋಲ್ಟೇಜ್ ಇಳಿಯುವುದನ್ನು ನೀವು ಪ್ರಯೋಗಶಾಲೆಯಲ್ಲಿ ಕಂಡಿದ್ದೀರಿ. ಅದಕ್ಕೆ ಆಂತರಿಕ ರೋಧ ಕಾರಣ. ಇಲ್ಲಿಯೂ ಹಾಗೆಯೇ. ಹಾದಿಯಲ್ಲಿ ಒಂದು ಮಿಲಿಓಮ್ ರೋಧವಿದ್ದರೆ 100 ಆಂಪೇರಿಗೆ 0.1 ವೋಲ್ಟ್ ಇಳಿಯುತ್ತದೆ. ಇದನ್ನು ಸರಿದೂಗಿಸುವ ಏರ್ಪಾಡು ಬಯಾಸ್‌ನಲ್ಲಿರುತ್ತದೆ. ಅದನ್ನು ಅತಿ ಮಾಡಿದರೆ ಹೊರೆ ತಟ್ಟನೆ ಇಳಿದಾಗ ವೋಲ್ಟೇಜ್ ಕ್ಷಣಕಾಲ ಮೇಲಕ್ಕೆ ಚಿಮ್ಮುತ್ತದೆ. ಪ್ರೊಸೆಸರಿಗೆ ಹಾನಿ ಮಾಡುವುದು ಇಂಥ ಚಿಮ್ಮುವಿಕೆ.

ಬೇಲಿಯೇ ಹೊಲ ಮೇಯ್ದಾಗ

ಬೋರ್ಡು ಪ್ರೊಸೆಸರನ್ನು ಕಾಯಬೇಕು. 2023ರ ಏಪ್ರಿಲ್‌ನಲ್ಲಿ ರೈಜೆನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಸಾಕೆಟ್ಟಿನಲ್ಲೇ ಸುಟ್ಟುಹೋದವು. ಮೆಮೊರಿಯ ವೇಗ ಹೆಚ್ಚಿಸಿದಾಗ ಬೋರ್ಡುಗಳು ಪ್ರೊಸೆಸರಿನ ಒಂದು ಭಾಗಕ್ಕೆ ಅತಿಯಾದ ವೋಲ್ಟೇಜ್ ಕೊಡುತ್ತಿದ್ದವು. ಎಎಂಡಿ ಅದನ್ನು 1.3 ವೋಲ್ಟಿಗೆ ಮಿತಿಗೊಳಿಸಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರುಗಳು ಅಸ್ಥಿರವಾದದ್ದಕ್ಕೆ ಪ್ರೊಸೆಸರಿನದೇ ಮೈಕ್ರೊಕೋಡ್ ಕೇಳುತ್ತಿದ್ದ ಅತಿಯಾದ ವೋಲ್ಟೇಜ್ ಮುಖ್ಯ ಕಾರಣವೆಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು. ಬೋರ್ಡುಗಳ ವಿದ್ಯುತ್ ಪೂರೈಕೆಯ ಅಳವಡಿಕೆಗಳು ತನ್ನ ಸೂಚನೆಯನ್ನು ಮೀರಿದ್ದನ್ನೂ ಅದು ಕಾರಣಗಳಲ್ಲಿ ಎಣಿಸಿತು. 253 ವಾಟ್ ಮಿತಿಯ ಪ್ರೊಸೆಸರಿಗೆ ಹಲವು ಬೋರ್ಡುಗಳು ನಾಲ್ಕು ಸಾವಿರ ವಾಟ್ ಮೀರಿದ ಮಿತಿಯನ್ನು, ಅಂದರೆ ಮಿತಿಯೇ ಇಲ್ಲದ ಸ್ಥಿತಿಯನ್ನು, ಕೊಳ್ಳುವವರನ್ನು ಕೇಳದೆಯೇ ಅಳವಡಿಸಿದ್ದವು. ಪರೀಕ್ಷೆಗಳಲ್ಲಿ ಪಕ್ಕದ ಬೋರ್ಡಿಗಿಂತ ಒಂದು ಅಂಶ ಮುಂದಿರಬೇಕೆಂಬ ಪೈಪೋಟಿ ಇದು. ನನ್ನ ಮುಖ್ಯ ಆಕ್ಷೇಪ ಇದರ ಮೇಲೆ.

ಹಾಗಾದರೆ ಆರಿಸುವುದು ಹೇಗೆ?

ನಿಮ್ಮ ಪ್ರೊಸೆಸರ್ ಗರಿಷ್ಠ ಎಷ್ಟು ವಾಟ್ ಬಳಸುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅನಂತರ, ಅಷ್ಟು ಹೊರೆಯನ್ನು ಅರ್ಧ ಗಂಟೆಯಾದರೂ ಹೊರಿಸಿ ನಿಯಂತ್ರಕದ ತಾಪವನ್ನು ಅಳೆದ ಪರೀಕ್ಷಾ ವರದಿಗಳನ್ನು ಹುಡುಕಿ. ಪರೀಕ್ಷಿಸಿದ ಕೋಣೆಯ ತಾಪವನ್ನು ಗಮನಿಸಲು ಮರೆಯದಿರಿ. 22 ಡಿಗ್ರಿಯ ಕೋಣೆಯಲ್ಲಿ 85 ಡಿಗ್ರಿ ತೋರಿಸಿದ ಬೋರ್ಡು, ಮೇ ತಿಂಗಳ ಕಲಬುರಗಿಯ 40 ಡಿಗ್ರಿಯಲ್ಲಿ ಹೆಚ್ಚುಕಡಿಮೆ 103 ತೋರಿಸುತ್ತದೆ. ಅಲಂಕಾರದ ಮುಚ್ಚಳಕ್ಕಿಂತ ರೆಕ್ಕೆಗಳುಳ್ಳ, ತೂಕವಾದ ಶಾಖಹಾರಿ ಮೇಲು. ಬಯಾಸ್‌ನಲ್ಲಿ ತಯಾರಕರ ಮೂಲ ಮಿತಿಗಳಿಗೆ ಮರಳುವ ಸ್ಪಷ್ಟ ಆಯ್ಕೆ ಇದೆಯೇ, ತಿದ್ದುಪಡಿಗಳು ವರ್ಷಗಳ ಕಾಲ ಬರುತ್ತವೆಯೇ ಎಂದೂ ನೋಡಿ.

ಮಧ್ಯಮ ಬೆಲೆಯ ಬೋರ್ಡನ್ನು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಗಟ್ಟಿಯಾದ ನಿಯಂತ್ರಕವುಳ್ಳ ಬೋರ್ಡು ತಂಪಾಗಿರುತ್ತದೆ. ಮುಂದೆ ಹೆಚ್ಚು ಶಕ್ತಿಯ ಪ್ರೊಸೆಸರು ಹಾಕಿದರೂ ತಾಳಿಕೊಳ್ಳುತ್ತದೆ. ಅದಕ್ಕೆ ಹಣ ಕೊಡುವುದು ಸರಿ. ಶೇಕಡಾ ಹತ್ತರ ವೇಗಕ್ಕಾಗಿ ಕೊಡುವುದಾದರೆ, ಅದೇ ಹಣಕ್ಕೆ ಒಂದು ಮೆಟ್ಟಿಲು ಮೇಲಿನ ಪ್ರೊಸೆಸರು ಬರುತ್ತದೆಯೇ ಎಂದು ಮೊದಲು ವಿಚಾರಿಸಿ.

ಶಿಕ್ಷಕರಿಗೆ ಒಂದು ಸಲಹೆ. ಇಂಥ ಬೋರ್ಡು ಕೈಗೆ ಬಂದರೆ ವಿದ್ಯಾರ್ಥಿಗಳಿಂದ ವೋಲ್ಟೇಜನ್ನು ಏರಿಸುವ ಬದಲು, ಆವೃತ್ತಿ ಬದಲಿಸದೆ ತುಸು ತುಸುವೇ ಇಳಿಸಿ ನೋಡಿಸಿ. ಪ್ರತಿ ಹಂತದಲ್ಲೂ ಒಂದೇ ಲೆಕ್ಕವನ್ನು ಕೊಟ್ಟು ವಾಟ್, ತಾಪ, ತಗಲಿದ ಸಮಯ ಇವನ್ನು ಪಟ್ಟಿ ಮಾಡಿಸಿ. ವೋಲ್ಟೇಜಿನ ವರ್ಗಕ್ಕೆ ಎದುರಾಗಿ ವಾಟನ್ನು ಗುರುತಿಸಿದರೆ ಬಿಂದುಗಳು ಹೆಚ್ಚುಕಡಿಮೆ ಸರಳರೇಖೆಯ ಮೇಲೆ ಬೀಳುತ್ತವೆ. ಕಂಪ್ಯೂಟರು ತಡವರಿಸಿ ನಿಂತ ಬಿಂದುವನ್ನೂ ಗುರುತಿಸಿ. ಆ ಪ್ರೊಸೆಸರಿನ ಮಿತಿ ಅದೇ. ಇದನ್ನು ಪೆಟ್ಟಿಗೆಯ ಮೇಲೆ ಯಾರೂ ಮುದ್ರಿಸಿರುವುದಿಲ್ಲ, ನೀವೇ ಅಳೆದು ತಿಳಿಯಬೇಕು.