ಆಕಾಶಕಾಳಗದ ಸಿಮ್ಯುಲೇಟರ್ ಚರಿತ್ರೆಗೆ ಸಾಕ್ಷ್ಯವಾಗಬಲ್ಲುದೆ?

ಎರಡನೆಯ ಮಹಾಯುದ್ಧದ ವಿಮಾನಗಳನ್ನು ಅಂತರ್ಜಾಲದ ಮೂಲಕ ಎದುರುಬದುರಾಗಿ ಹಾರಿಸುವ ಸಿಮ್ಯುಲೇಟರುಗಳಲ್ಲಿ ಪಳಗಿದವನಿಗೆ ಆ ಯುದ್ಧದ ಆಕಾಶಕಾಳಗಗಳು ಗ್ರಂಥ ಓದಿದವನಿಗಿಂತ ಚೆನ್ನಾಗಿ ತಿಳಿಯುತ್ತವೆಂಬ ವಾದವೊಂದುಂಟು. ಇದನ್ನು ನಗೆಯಾಡಿ ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. 2006ರಲ್ಲಿ ಹೊರಬಂದ ‘ಇಲ್-2 ಸ್ಟರ್ಮೊವಿಕ್: 1946’ ಎಂಬ ಸಿಮ್ಯುಲೇಟರಿನಲ್ಲಿ ಜಪಾನಿನ ಜೀರೋ ವಿಮಾನದ ಎದುರು ಅಮೆರಿಕದ ವೈಲ್ಡ್‌ಕ್ಯಾಟನ್ನು ಹಾರಿಸುವ ಬಗೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಾದದ ಬಲಾಬಲಗಳನ್ನು ಪರಿಶೀಲಿಸಬಹುದು.

1942ರ ಜೀರೋ ಮಾದರಿಯ ತೂಕ ಯುದ್ಧಸನ್ನದ್ಧವಾಗಿ ಸುಮಾರು 2,400 ಕಿಲೋಗ್ರಾಂ; ವೈಲ್ಡ್‌ಕ್ಯಾಟಿನದು ಸುಮಾರು 3,600. ಹಗುರವಾದ ಜೀರೋ ಚುರುಕಾಗಿ ಮೇಲೇರುತ್ತದೆ, ಕಿರಿದಾದ ಸುತ್ತಿನಲ್ಲಿ ತಿರುಗುತ್ತದೆ. ಆದರೆ ಅದಕ್ಕೆ ಉಕ್ಕಿನ ಕವಚವಿಲ್ಲ; ಗುಂಡು ತಗುಲಿದಾಗ ತಾನಾಗಿ ಮುಚ್ಚಿಕೊಳ್ಳುವ ಇಂಧನದ ತೊಟ್ಟಿಯೂ ಇಲ್ಲ. ಹೊಸದಾಗಿ ವೈಲ್ಡ್‌ಕ್ಯಾಟ್ ಹಿಡಿದವನು ಜೀರೋವಿನ ಬೆನ್ನುಹತ್ತಿ ತಿರುಗತೊಡಗುತ್ತಾನೆ; ಎರಡು ಸುತ್ತು ಮುಗಿಯುವುದರೊಳಗೆ ಜೀರೋ ಅವನ ಬೆನ್ನಿಗಿರುತ್ತದೆ. ಅನುಭವಿಯ ರೀತಿಯೇ ಬೇರೆ. ಕಾಳಗಕ್ಕೆ ಮೊದಲೇ ಎತ್ತರವನ್ನು ಸಂಪಾದಿಸಿ, ಧುಮುಕುವಾಗ ಆ ಎತ್ತರವನ್ನು ವೇಗವನ್ನಾಗಿ ಮಾರ್ಪಡಿಸಿ, ತೀರ ಸಮೀಪಿಸಿದ ಮೇಲೆ ಒಂದೆರಡು ಕ್ಷಣ ಮಾತ್ರ ಗುಂಡು ಹಾರಿಸಿ, ತಿರುಗದೆ ನೇರವಾಗಿ ಸಾಗಿ, ಉಳಿದ ವೇಗವನ್ನು ಮತ್ತೆ ಎತ್ತರವನ್ನಾಗಿ ಮಾಡಿಕೊಳ್ಳುತ್ತಾನೆ. ಶತ್ರು ಬೆನ್ನಿಗೆ ಬಿದ್ದರೆ ಕೆಳಕ್ಕೆ ಧುಮುಕಿ ಹೊರಳುತ್ತಾನೆ. ವೇಗ ಹೆಚ್ಚಿದಂತೆ ಜೀರೋವನ್ನು ಹೊರಳಿಸುವ ರೆಕ್ಕೆಯಂಚಿನ ಪಟ್ಟಿಗಳು ಬಿಗಿದುಕೊಳ್ಳುವುದರಿಂದ ಅದು ಹಿಂಬಾಲಿಸಲಾರದು. ಎತ್ತರವು ಹಣದ ಗಂಟು. ಅದನ್ನು ತಿರುವುಗಳಲ್ಲಿ ಚೆಲ್ಲಿದವನು ದಿವಾಳಿಯಾಗುತ್ತಾನೆ. ಗ್ರಂಥದಲ್ಲಿ ಒಂದು ವಾಕ್ಯವಾಗಿದ್ದ ಈ ಕಾರ್ಯಕಾರಣ ಸಂಬಂಧವನ್ನು ಸಿಮ್ಯುಲೇಟರು ಕೈಗೇ ಮನವರಿಕೆ ಮಾಡಿಕೊಡುತ್ತದೆ. ಇಷ್ಟರಮಟ್ಟಿಗೆ ಮೇಲಿನ ವಾದವನ್ನು ಒಪ್ಪಲೇಬೇಕು.

ಆದರೆ ಈ ಜ್ಞಾನ ಆಟಗಾರನಿಗೆ ಬಂದುದು ಎಲ್ಲಿಂದ? ಜೀರೋವಿನ ದೋಷಗಳು ಅವನಿಗೆ ಹಾರುವ ಮೊದಲೇ ಗೊತ್ತು. ಗೊತ್ತಿಲ್ಲದಿದ್ದರೆ ಹತ್ತು ಸಲ ಸತ್ತು ಹನ್ನೊಂದನೆಯ ಸಲ ಕಲಿಯುತ್ತಾನೆ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆ ಲೋಕದಲ್ಲಿ ಎಚ್ಚರಿಕೆಯ ಮಾತು. ಇಲ್ಲಿ ಅದೇ ಪಾಠಕ್ರಮ. ನಿಜವಾದ ಚರಿತ್ರೆ ಹೀಗೆ ನಡೆಯಲಿಲ್ಲ. 1942ರ ಜೂನ್ 4ರಂದು ಅಲ್ಯೂಷಿಯನ್ ದ್ವೀಪಸ್ತೋಮದ ಅಕುಟಾನ್‌ನಲ್ಲಿ ಒಂದು ಜೀರೋ ನೆಲಕ್ಕಿಳಿಯುವಾಗ ಮಗುಚಿತು. ಅಮೆರಿಕನ್ನರು ಅದನ್ನು ಕಂಡದ್ದು ಜುಲೈನಲ್ಲಿ. ದುರಸ್ತಿಮಾಡಿ ಸ್ಯಾನ್ ಡಿಯಾಗೋದಲ್ಲಿ ಹಾರಿಸಿ ನೋಡಿದ್ದು ಸೆಪ್ಟೆಂಬರಿನಲ್ಲಿ. ಅದೇ ಜೂನ್ 4ರಂದು ಮಿಡ್‌ವೇ ಕದನದಲ್ಲಿ ಜಾನ್ ಥ್ಯಾಚ್ ಎಂಬ ಅಧಿಕಾರಿ ಬೆರಳೆಣಿಕೆಯ ವೈಲ್ಡ್‌ಕ್ಯಾಟುಗಳೊಡನೆ ಜೀರೋಗಳನ್ನು ಎದುರಿಸಿದ. ಅಂದರೆ ಶತ್ರುವಿನ ವಿಮಾನ ಪರೀಕ್ಷೆಗೆ ದೊರೆಯುವ ಮೊದಲೇ ಅದಕ್ಕೆ ಪ್ರತಿಯುಪಾಯ ಸಿದ್ಧವಾಗಿತ್ತು.

ಆ ಉಪಾಯ ಹುಟ್ಟಿದ ಬಗೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು. 1941ರಲ್ಲಿ ಬಂದ ಒಂದು ಗುಪ್ತಚರ ವರದಿಯನ್ನೋದಿ ಥ್ಯಾಚ್ ರಾತ್ರಿಯ ಹೊತ್ತು ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿ ಲೆಕ್ಕಹಾಕಿದ. ಎರಡು ವಿಮಾನಗಳು ಅಂತರವಿಟ್ಟು ಪಕ್ಕಪಕ್ಕದಲ್ಲಿ ಹಾರಬೇಕು. ಒಂದರ ಮೇಲೆ ಶತ್ರು ಎರಗಿದೊಡನೆ ಎರಡೂ ಪರಸ್ಪರರ ಕಡೆಗೆ ತಿರುಗಬೇಕು. ಬೆನ್ನಟ್ಟಿದವನು ಆಗ ಇನ್ನೊಂದರ ಗುಂಡಿಗೆ ಎದುರಾಗುತ್ತಾನೆ. ಇದನ್ನು ಪರೀಕ್ಷಿಸಲು ಥ್ಯಾಚ್ ತನ್ನ ವಿಮಾನಗಳ ಎಂಜಿನ್ ಬಲವನ್ನು ಬೇಕೆಂದೇ ಮಿತಿಗೊಳಿಸಿ, ಪೂರ್ಣಬಲದ ವಿಮಾನಗಳಿಂದ ತನ್ನ ಮೇಲೆ ದಾಳಿ ಮಾಡಿಸಿದ. ಇದೂ ಒಂದು ಸಿಮ್ಯುಲೇಷನ್ನೇ. ಭೇದವಿಷ್ಟೆ: ಅವನದು ಅಜ್ಞಾನದೊಳಗೆ ನಿಂತು ಮುಂದೆ ನೋಡಿದ್ದು, ನಮ್ಮದು ಎಲ್ಲವನ್ನೂ ಬಲ್ಲೆವೆಂದು ಹಿಂದೆ ನೋಡುವುದು.

ಇನ್ನೊಂದು ಕೊರತೆಯೂ ಇಲ್ಲಿಂದಲೇ ಕಾಣುತ್ತದೆ. ಥ್ಯಾಚನ ಉಪಾಯದ ಜೀವಾಳ ಜೊತೆಗಾರನ ಮೇಲಿನ ನಂಬಿಕೆ. ಸಾರ್ವಜನಿಕ ಕಣಗಳಲ್ಲಾದರೋ ಹಲವರು ತಂತಮ್ಮ ಬೇಟೆಯ ಲೆಕ್ಕವನ್ನೇ ನೋಡುವವರು. ಅಪರಿಚಿತನ ಬೆನ್ನು ಕಾಯುವ ಹೊಣೆ ಅವರಿಗಿಲ್ಲ. ಸಾಲದುದಕ್ಕೆ, ಶತ್ರುವಿನ ವಿಮಾನದ ಹೆಸರನ್ನೂ ದೂರವನ್ನೂ ತೆರೆಯ ಮೇಲೆ ಬರೆದು ತೋರಿಸುವ ಸೌಕರ್ಯವನ್ನು ಕೆಲವೆಡೆ ಬಿಟ್ಟಿರುತ್ತಾರೆ. ಸೂರ್ಯನ ಮರೆಯಿಂದ ಬರುವ ವೈರಿಯನ್ನು ಕಾಣಲಾರದೆ ಸತ್ತವರ ಚರಿತ್ರೆ ಅಲ್ಲಿ ಅಳಿಸಿಹೋಗುತ್ತದೆ.

ಆದುದರಿಂದ ಸಿಮ್ಯುಲೇಟರು ಏನು ಸಾಧ್ಯವಿತ್ತೆಂಬುದಕ್ಕೆ ಸಾಕ್ಷಿ. ಏನು ನಡೆಯಿತೆಂಬುದಕ್ಕಾಗಲಿ, ನಡೆಸಿದವರು ಏನನ್ನು ಬಲ್ಲವರಾಗಿದ್ದರೆಂಬುದಕ್ಕಾಗಲಿ ಸಾಕ್ಷಿಯಲ್ಲ. ಇದನ್ನು ಪಾಠಕ್ಕೆ ಬಳಸುವುದಾದರೆ ಹೆಸರುಪಟ್ಟಿಗಳನ್ನು ತೆಗೆದುಹಾಕಿ, 1941ರಲ್ಲಿ ತಿಳಿದಿದ್ದಷ್ಟನ್ನೇ ವಿದ್ಯಾರ್ಥಿಗೆ ಕೊಟ್ಟು, ಒಬ್ಬ ಜೊತೆಗಾರನೊಡನೆ ಒಂದೇ ಒಂದು ಸಲ ಹಾರಗೊಡಬೇಕು. ಅವನು ಸೋಲುವ ಸಂಭವವೇ ಹೆಚ್ಚು. ಆದರೆ ಗೆದ್ದು ಬಂದವನಿಗೆ ತಿಳಿಯದ ಚರಿತ್ರೆ ಆ ಸೋಲಿನಲ್ಲಿ ಅವನಿಗೆ ತಿಳಿದೀತು.