ಉಬ್ಬು ಹುಡುಕುವ ಕುಳ್ಳ

ಆಹಾರ ಮುಗಿದಾಗ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತನ್ನೊಳಗೇ ಬೀಜಕವೊಂದನ್ನು ರೂಪಿಸಿ, ಅದಕ್ಕೆ ಕನಿಷ್ಠ 70 ಬಗೆಯ ಪ್ರೋಟೀನುಗಳ ಕವಚ ತೊಡಿಸುತ್ತದೆ. ಅವುಗಳಲ್ಲಿ ನನಗೆ ಅಚ್ಚುಮೆಚ್ಚು ಸ್ಪೋವಿಎಂ. ಬರೀ 26 ಅಮೈನೋ ಆಮ್ಲಗಳ ಕುಳ್ಳ! ಬೀಜಕವನ್ನು ಹೊತ್ತ ತಾಯಿಕೋಶದೊಳಗೆ ನಿಂತು ನೋಡಿದರೆ ಹೊರಮೈ ಉಬ್ಬಿರುವ ಪೊರೆ ಬೀಜಕದ್ದು ಮಾತ್ರ. ಆ ಉಬ್ಬನ್ನೇ ಗುರುತು ಹಿಡಿದು ಹೋಗಿ ಈ ಕುಳ್ಳ ಅಂಟಿಕೊಳ್ಳುತ್ತದೆ. ಅದರ ಜೊತೆಗಾರ ಸ್ಪೋಫೋರ್‌ಎ, ಕೋಶದ ಇಂಧನವಾದ ಎಟಿಪಿಯನ್ನು ಒಡೆಯುತ್ತಾ, ಒಂದಕ್ಕೊಂದು ಹೆಣೆದುಕೊಂಡು ತಳಹದಿ ಹಾಸುತ್ತದೆ. ಹೊರಪದರದ ಮೇಸ್ತ್ರಿ ಕಾಟ್‌ಇ. ಅದಿಲ್ಲದಿದ್ದರೆ ಹೊರಕವಚವೇ ಏಳದು, ಲೈಸೋಜೈಮ್ ಎಂಬ ಕಿಣ್ವ ಬೀಜಕವನ್ನು ಸುಲಭವಾಗಿ ಕೆಡಿಸುತ್ತದೆ. ಹಾಗೆಂದು ಎಲ್ಲ ಕೀರ್ತಿಯೂ ಕವಚಕ್ಕೆ ಸಲ್ಲದು: ಕಾವು ತಾಳುವ ಶಕ್ತಿ ಬಹುಪಾಲು ಒಳತಿರುಳಿನ ಒಣತನದ್ದು. ಬೀಜಕದ ಕಂದುಬಣ್ಣವಂತೂ ಹೊರಪದರದ ಕಾಟ್‌ಎ ಪ್ರೋಟೀನಿನ ಕೈವಾಡವೇ.